ಯುದ್ಧಾನಂತರದ ಮೂರು ದಾರಿಗಳು: ಅಣಜಿಯ ಶಾಸನ, ಗದಾಯುದ್ಧ, ಅಜಿತಪುರಾಣ

೧

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯು ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಗೆ ಏರಿ ಕಟ್ಟಿ, ಹರಿದ್ರಾ ನದಿಯನ್ನು ತಡೆದು ನಿರ್ಮಿಸಿದ ಮಹಾತಟಾಕ. ಇದನ್ನು ಕಟ್ಟಿಸಿದವಳು ಶಾಂತವ್ವೆಯೆಂಬ ಅರಸುಮಗಳೆಂದೂ, ಕೆರೆಗೆ ಬೇಕಾದ ನೆಲದಲ್ಲಿ ವಾಸವಾಗಿದ್ದ ವೇಶ್ಯೆಯರು ತಮ್ಮ ಹೆಸರನ್ನೇ ಕೆರೆಗಿಡಬೇಕೆಂಬ ನಿಬಂಧನೆಯ ಮೇಲೆ ಜಾಗವನ್ನು ಬಿಟ್ಟುಕೊಟ್ಟರೆಂದೂ ಆ ಸೀಮೆಯ ಜನ ಹೇಳುತ್ತ ಬಂದಿದ್ದಾರೆ. ಈಗ ಕೆರೆಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಇದೆ. ಐತಿಹ್ಯದ ಚಾರಿತ್ರಿಕತೆ ಇಲ್ಲಿ ನಮಗೆ ಮುಖ್ಯವಲ್ಲ. ಒಂದು ದೊಡ್ಡ ಕಾರ್ಯ ಮುಗಿದ ಮೇಲೆ ಅದರ ಸ್ಮರಣೆ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಯನ್ನು ಅದು ಉಳಿಸಿಕೊಂಡಿದೆ ಎಂಬುದಷ್ಟೇ ಗಮನಾರ್ಹ. ಯುದ್ಧವನ್ನು ಕುರಿತ ನಮ್ಮ ಪ್ರಾಚೀನ ಸಾಮಗ್ರಿಯನ್ನು ಓದುವವನಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಕಾಳಗದ ದಿನವನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ಕಾಳಗದ ಮರುದಿನವನ್ನು ಕುರಿತು ನಡೆದದ್ದು ಕಡಿಮೆ.

ಪ್ರಸ್ತುತ ಲೇಖನದ ಉದ್ದೇಶ ಸೀಮಿತವಾದುದು. ಸೂಳೆಕೆರೆಯಿಂದ ಹೊರಟ ಹರಿದ್ರೆಯು ಉತ್ತರಕ್ಕೆ ಹರಿದು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಇದೇ ಭಾಗದಲ್ಲಿ, ದಾವಣಗೆರೆ ತಾಲ್ಲೂಕಿನ ಅಣಜಿಯಲ್ಲಿ, ಯುದ್ಧಾನಂತರದ ಒಂದು ಗಳಿಗೆಯನ್ನೇ ವಿಷಯವಾಗಿ ಉಳ್ಳ ಪ್ರಾಚೀನ ಶಾಸನವೊಂದಿದೆ. ಅದನ್ನು ಮೊದಲು ಪರಿಶೀಲಿಸಿ, ಅಲ್ಲಿ ದೊರೆಯುವ ವಿವೇಚನೆಯನ್ನು ಮಹಾಕವಿ ರನ್ನನ ಎರಡು ಕಾವ್ಯಗಳಿಗೆ ಅನ್ವಯಿಸಿ ನೋಡುವುದು ಇಲ್ಲಿಯ ಪ್ರಯತ್ನ. ಗದಾಯುದ್ಧವನ್ನು ಲೌಕಿಕವೆಂದೂ ಅಜಿತಪುರಾಣವನ್ನು ಆಗಮಿಕವೆಂದೂ ವಿಂಗಡಿಸಿ, ಮೊದಲನೆಯದನ್ನು ರಸಿಕರಿಗೂ ಎರಡನೆಯದನ್ನು ಶ್ರಾವಕರಿಗೂ ಹಂಚಿಬಿಡುವ ಪದ್ಧತಿ ನಮ್ಮ ವಿಮರ್ಶೆಯಲ್ಲಿ ಬೇರೂರಿದೆ. ಈ ಹಂಚಿಕೆಯಿಂದ ಎರಡೂ ಕಾವ್ಯಗಳಿಗೆ ನಷ್ಟವಾಗಿದೆ ಎಂಬುದು ನಮ್ಮ ಅಭಿಪ್ರಾಯ.

೨

ಅಣಜಿಯ ಶಾಸನ ಸಂಸ್ಕೃತ ಭಾಷೆಯದು, ಕದಂಬರ ಕಾಲದ್ದು. ಪಲ್ಲವ ನಣಕ್ಕಾಸನಿಗೂ ಕೃಷ್ಣವರ್ಮನಿಗೂ ನಡೆದ ತುಮುಲ ಯುದ್ಧದಲ್ಲಿ ಕೃಷ್ಣವರ್ಮನ ಸೈನ್ಯ ಭಗ್ನವಾಯಿತೆಂದು ಅದು ತಿಳಿಸುತ್ತದೆ. ಈ ಕೃಷ್ಣವರ್ಮನನ್ನು ಕದಂಬ ವಂಶದ ಒಂದನೆಯ ಕೃಷ್ಣವರ್ಮನೆಂದು ಸಾಮಾನ್ಯವಾಗಿ ಗುರುತಿಸಲಾಗಿದೆ. ಆದರೆ ಶಾಸನದ ನಾಯಕ ಗೆದ್ದ ಪಲ್ಲವನೂ ಅಲ್ಲ, ಸೋತ ಕದಂಬನೂ ಅಲ್ಲ. ಕೇಕಯ ಕುಲದ ಶಿವನಂದವರ್ಮನೆಂಬ ಕ್ಷತ್ರಿಯ. ತನ್ನ ನಾಡು ಹಾಳಾಗಿ, ಸೈನ್ಯ ಮುರಿದ ಮೇಲೆ, ಅವನು ಮನಸ್ಸನ್ನು ಶಮನಗೊಳಿಸಿಕೊಂಡು ದರ್ಭೆಯ ಹಾಸಿನ ಮೇಲೆ ಮಲಗಿದನು. ಲೋಕದ ಭೋಗದಲ್ಲಿ ಇಚ್ಛೆಯನ್ನು ಕಳೆದುಕೊಂಡು ಸ್ವರ್ಗವನ್ನು ಬಯಸಿದನು ಎಂಬುದು ಶಾಸನದ ತಾತ್ಪರ್ಯ.

ಇದು ವೀರಗಲ್ಲಲ್ಲ. ವೀರಗಲ್ಲಿನ ಶಿಲ್ಪಕ್ರಮ ಎಲ್ಲರಿಗೂ ಪರಿಚಿತವಾದುದು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ದೇವಸ್ತ್ರೀಯರು ವೀರನನ್ನು ಒಯ್ಯುವ ದೃಶ್ಯ, ಮೇಲೆ ದೇವಸಾನ್ನಿಧ್ಯ. ಅಲ್ಲಿ ಕಾಳಗಕ್ಕೂ ಸ್ವರ್ಗಕ್ಕೂ ನಡುವೆ ಕಾಲದ ಅಂತರವೇ ಇಲ್ಲ; ವೀರನಿಗೆ ಮರುದಿನವೆಂಬುದು ಇಲ್ಲ. ಅಣಜಿಯ ಕ್ಷತ್ರಿಯನಾದರೋ ಕಾಳಗವನ್ನು ದಾಟಿ ಬದುಕಿ ಉಳಿದವನು. ಸೋಲನ್ನು ಕಣ್ಣಾರೆ ಕಂಡು, ಆಮೇಲೆ ತನ್ನ ಅಂತ್ಯವನ್ನು ತಾನೇ ನಿರ್ಧರಿಸಿಕೊಂಡವನು.

ಹಾಗಾದರೆ ಇದನ್ನು ಸಲ್ಲೇಖನವೆನ್ನಬಹುದೇ? ನಿರಶನ, ತೃಣಶಯ್ಯೆ, ಉಪಶಾಂತವಾದ ಮನಸ್ಸು ಎಂಬ ಹೊರಗಿನ ಹೋಲಿಕೆಗಳನ್ನು ನೋಡಿ ಹಾಗೆ ಹೇಳಲು ಮನಸ್ಸಾಗುವುದು ಸಹಜ. ಆದರೆ ಶಾಸ್ತ್ರವನ್ನು ಬಲ್ಲವರು ಅಷ್ಟು ಸುಲಭವಾಗಿ ಒಪ್ಪಲಾರರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಹೇಳಿರುವ ನಿಮಿತ್ತಗಳು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಯುದ್ಧದಲ್ಲಿ ಸೋತ ದುಃಖವು ತಾನೇ ತಾನಾಗಿ ಈ ನಾಲ್ಕರಲ್ಲಿ ಸೇರುವುದಿಲ್ಲ. ತತ್ತ್ವಾರ್ಥಸೂತ್ರವು ಸಲ್ಲೇಖನೆಯ ಅತಿಚಾರಗಳನ್ನು ಎಣಿಸುವಾಗ ಬದುಕಿನ ಆಸೆಯನ್ನು ಹೇಳಿದಂತೆಯೇ ಸಾವಿನ ಆಸೆಯನ್ನೂ ಹೇಳಿದೆ. ಮಿತ್ರಾನುರಾಗ, ಸುಖಾನುಬಂಧಗಳ ಜೊತೆಗೆ ಮುಂದಿನ ಭೋಗವನ್ನು ಬಯಸುವ ನಿದಾನವನ್ನೂ ಹೇಳಿದೆ. ಸ್ವರ್ಗವನ್ನು ಕಾಮಿಸಿ ಮಲಗಿದವನ ಮರಣದಲ್ಲಿ ಈ ನಿದಾನವು ಸ್ಪಷ್ಟವಾಗಿಯೇ ಇದೆ. ಆದುದರಿಂದ ಅಣಜಿಯ ಮರಣವನ್ನು ಪ್ರಾಯೋಪವೇಶವೆಂದು ಕರೆಯುವುದು ಉಚಿತವೇ ಹೊರತು ಸಲ್ಲೇಖನವೆಂದಲ್ಲ. ನಮ್ಮ ಮತದ ಗೌರವವನ್ನು ಹೆಚ್ಚಿಸುವೆನೆಂಬ ಆತುರದಲ್ಲಿ ದರ್ಭಶಯನಗಳನ್ನೆಲ್ಲ ಸಮಾಧಿಮರಣದ ಪಟ್ಟಿಗೆ ಸೇರಿಸುವುದರಿಂದ, ಸಮಾಧಿಯು ಶೋಕದ ಪರಿಣಾಮ ಮಾತ್ರವೆಂಬ ತಪ್ಪು ತಿಳಿವಳಿಕೆಗೆ ನಾವೇ ಎಡೆಮಾಡಿದಂತಾಗುತ್ತದೆ.

ಇದೇ ಕೃಷ್ಣವರ್ಮನ ಮಗ ದೇವವರ್ಮನು ಯಾಪನೀಯ ಸಂಘಕ್ಕೆ ಭೂಮಿಯನ್ನು ದಾನಮಾಡಿದ ಸಂಗತಿ ದೇವಗಿರಿಯ ತಾಮ್ರಪಟಗಳಿಂದ ತಿಳಿದುಬರುತ್ತದೆ. ತಂದೆಯ ಸೈನ್ಯ ಮುರಿದುದನ್ನು ಒಂದು ಕಲ್ಲು ಹೇಳಿದರೆ, ಮಗನು ಚೈತ್ಯಾಲಯಕ್ಕೆ ನೆಲವಿತ್ತುದನ್ನು ಒಂದು ತಾಮ್ರಪಟ ಹೇಳುತ್ತದೆ. ಎರಡೂ ಯುದ್ಧದಿಂದ ಕಂಗೆಟ್ಟ ಒಂದೇ ಕಾಲದ ಬರಹಗಳೆಂಬುದನ್ನು ಮರೆಯಲಾಗದು.

೩

ಸೋಲಿನ ಬಳಿಕ ಸಮಾಧಿಯನ್ನು ಸ್ವೀಕರಿಸಿದ ವೀರರು ನಮ್ಮ ಇತಿಹಾಸದಲ್ಲಿ ಇಲ್ಲದಿಲ್ಲ. ಐದು ಶತಮಾನಗಳ ಅನಂತರದ ಎರಡು ನಿದರ್ಶನಗಳು ರನ್ನನ ಕಾವ್ಯಗಳ ಪೂರ್ವಪೀಠಿಕೆಯಂತಿವೆ. ಕ್ರಿ.ಶ. ೯೭೩ರಲ್ಲಿ ಚಾಲುಕ್ಯ ಇಮ್ಮಡಿ ತೈಲಪನು ರಾಷ್ಟ್ರಕೂಟ ಇಮ್ಮಡಿ ಕರ್ಕನನ್ನು ಸೋಲಿಸಿ ಮಾನ್ಯಖೇಟದ ಪ್ರಭುತ್ವವನ್ನು ಕೊನೆಗಾಣಿಸಿದನು. ರಾಷ್ಟ್ರಕೂಟರ ಪಕ್ಷದಲ್ಲಿ ಅನೇಕ ಯುದ್ಧಗಳನ್ನು ಗೆದ್ದಿದ್ದ ಗಂಗರಾಜ ಮಾರಸಿಂಹನು ರಾಜ್ಯವನ್ನು ತ್ಯಜಿಸಿ, ೯೭೪ರಲ್ಲಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನದಿಂದ ದೇಹವನ್ನು ಬಿಟ್ಟನು. ಅವನ ಕೀರ್ತಿಯನ್ನು ಶ್ರವಣಬೆಳಗೊಳದ ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಮೇಲೆ ಕಾಣಬಹುದು. ಮೂರನೆಯ ಕೃಷ್ಣನ ಮೊಮ್ಮಗನಾದ ನಾಲ್ಕನೆಯ ಇಂದ್ರನು ೯೮೨ರಲ್ಲಿ ಬೆಳಗೊಳದಲ್ಲಿಯೇ ಸಮಾಧಿಯನ್ನು ಸಾಧಿಸಿದನು.

ಇವರ ಅಂತ್ಯಕ್ಕೂ ಶಿವನಂದವರ್ಮನ ಅಂತ್ಯಕ್ಕೂ ಇರುವ ಅಂತರ ಪರಿಶೀಲನಾರ್ಹ. ಇಲ್ಲಿ ಮೊದಲು ರಾಜ್ಯತ್ಯಾಗ, ಬಳಿಕ ಗುರುಸನ್ನಿಧಿ, ಕೊನೆಯಲ್ಲಿ ದೇಹತ್ಯಾಗ. ಕಾಳಗಕ್ಕೂ ಸಮಾಧಿಗೂ ನಡುವೆ ವ್ರತದ ಕಾಲವೊಂದು ಕಲ್ಪಿತವಾಗಿದೆ. ಮಾರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಸಮರಪರಶುರಾಮ, ವೀರಮಾರ್ತಂಡ, ರಣರಂಗಸಿಂಗನೆಂಬ ಬಿರುದುಗಳನ್ನು ಹೊತ್ತವನು. ಅವನೇ ೯೭೮ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಚರಿತೆಯನ್ನು ಗದ್ಯದಲ್ಲಿ ಬರೆದನು. ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲಿಯೇ ತೊರೆದ ಬಾಹುಬಲಿಯ ಮೂರ್ತಿಯನ್ನು ಬೆಟ್ಟದ ತುದಿಯಲ್ಲಿ ನಿಲ್ಲಿಸಿದನು. ಆಯುಧವನ್ನು ಹಿಡಿದ ಕೈಗೆ ಜೈನಪರಂಪರೆ ತೋರಿಸಿದ ಆದರ್ಶವಿದು.

ಈ ಆವರಣದಲ್ಲಿ ಬೆಳೆದವನು ರನ್ನ. ೯೪೯ರಲ್ಲಿ ಮುದುವೊಳಲಿನ ಬಳೆಗಾರ ಕುಲದಲ್ಲಿ ಹುಟ್ಟಿದ ಅವನಿಗೆ ಅಜಿತಸೇನರು ಗುರುಗಳು, ಚಾವುಂಡರಾಯನು ಆಶ್ರಯದಾತ. ಮುಂದೆ ಅವನಿಗೆ ಕವಿಚಕ್ರವರ್ತಿಯೆಂಬ ಬಿರುದನ್ನು ಕೊಟ್ಟವನು ಗೆದ್ದ ಪಕ್ಷದ ತೈಲಪ. ಗದಾಯುದ್ಧದಲ್ಲಿ ಅವನು ಭೀಮನೊಂದಿಗೆ ಸಮೀಕರಿಸಿದ ನಾಯಕ ತೈಲಪನ ಮಗ ಸತ್ಯಾಶ್ರಯ ಇರಿವಬೆಡಂಗ. ಸೋತವರ ಮನೆಯಲ್ಲಿ ವಿದ್ಯೆ ಕಲಿತು, ಗೆದ್ದವರ ಆಸ್ಥಾನದಲ್ಲಿ ಕಾವ್ಯ ಬರೆದವನು ರನ್ನ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟು, ಎರಡೂ ಕಡೆಯ ಋಣವನ್ನು ತನ್ನ ಮನೆಯಲ್ಲಿಯೇ ಕೂಡಿಸಿದನು. ಈ ಸಂಗತಿಯನ್ನು ಅವನ ಕಾವ್ಯವಿಮರ್ಶೆ ಸಾಕಷ್ಟು ಬಳಸಿಕೊಂಡಿಲ್ಲ.

೪

ಗದಾಯುದ್ಧವೆಂಬ ಹೆಸರು ಒಂದು ದ್ವಂದ್ವಯುದ್ಧವನ್ನು ಸೂಚಿಸುತ್ತದೆ. ಆದರೆ ಕಾವ್ಯದ ಹೃದಯಭಾಗವನ್ನು ವ್ಯಾಪಿಸಿರುವುದು ಯುದ್ಧವಲ್ಲ; ಯುದ್ಧ ಮುಗಿದ ನೆಲದ ಮೇಲಿನ ನಡಿಗೆ. ಸಂಧಿಯನ್ನು ಮಾಡಿಕೊಳ್ಳೆಂದು ಬೇಡುವ ತಂದೆತಾಯಿಗಳ ಮಾತನ್ನು ನಿರಾಕರಿಸಿ, ಸಂಜಯನ ಕೈಯನ್ನು ಹಿಡಿದು, ದುರ್ಯೋಧನನು ಶರಶಯ್ಯೆಯಲ್ಲಿರುವ ಭೀಷ್ಮನ ಬಳಿಗೆ ಹೊರಡುತ್ತಾನೆ. ದಾರಿಯುದ್ದಕ್ಕೂ ಹೆಣಗಳು, ಮುರಿದ ರಥಗಳು, ಹಂಗಿಸುವ ಮರುಳುಗಳು. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣಕುಮಾರ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಕಣ್ಣಿಗೆ ಬೀಳುತ್ತಾರೆ. ಶತ್ರುವಿನ ಮಗನಾದ ಅಭಿಮನ್ಯುವನ್ನು ಕಂಡಾಗಲೂ ಅವನ ಬಾಯಿಂದ ಪ್ರಶಂಸೆಯೇ ಹೊರಡುತ್ತದೆ.

ಈ ಭಾಗವನ್ನು ಆಧರಿಸಿ ದುರ್ಯೋಧನನನ್ನು ರುದ್ರನಾಟಕದ ನಾಯಕನೆಂದು ಕಂಡ ದೃಷ್ಟಿ ಕನ್ನಡದಲ್ಲಿ ಪ್ರಸಿದ್ಧವಾದುದು. ಬಿ.ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದಲೇ ಗದಾಯುದ್ಧ ನಾಟಕವನ್ನು ರೂಪಿಸಿ, ರನ್ನನ ನಾಟಕಶಕ್ತಿಯನ್ನು ಕನ್ನಡಿಗರ ಕಣ್ಣಿಗೆ ಕಟ್ಟುವಂತೆ ಮಾಡಿದರು. ಅದಕ್ಕಾಗಿ ಕನ್ನಡ ವಿಮರ್ಶೆ ಅವರಿಗೆ ಋಣಿ. ಆದರೆ ಅವರ ಅನಂತರ ಬಂದವರು ಗ್ರೀಕ್ ಮಾದರಿಯ ಬೆಳಕಿನಲ್ಲಿ ಮಾತ್ರ ಈ ನಡಿಗೆಯನ್ನು ನೋಡಿ, ವಿಧಿಗೆ ಎದುರಾಗಿ ನಿಂತ ಛಲವೇ ಇಲ್ಲಿಯ ಪರಮಾರ್ಥವೆಂದು ನಿಶ್ಚಯಿಸಿಬಿಟ್ಟರು. ಛಲವು ಭವ್ಯವಾಗಿದೆಯೆಂಬುದು ನಿಜ. ಕವಿಯು ಅದನ್ನು ಒಪ್ಪಿದ್ದಾನೆಯೇ ಎಂಬುದು ಬೇರೆಯ ಪ್ರಶ್ನೆ.

ಜೈನ ಶಾಸ್ತ್ರವನ್ನು ಓದಿದವನಿಗೆ ಈ ಪ್ರಸಂಗದ ಗತಿ ಚಿರಪರಿಚಿತವಾದುದು. ಸಂಸಾರದ ಅನಿತ್ಯತೆಯನ್ನೂ ಅಶರಣತೆಯನ್ನೂ ಭಾವಿಸಲು ಬೇಕಾದ ಎಲ್ಲ ಸಾಮಗ್ರಿಯನ್ನೂ ಕವಿ ದುರ್ಯೋಧನನ ಕಣ್ಣೆದುರಿಗೆ ಹರಡಿದ್ದಾನೆ. ದ್ರೋಣನ ವಿದ್ಯೆ, ಕರ್ಣನ ತ್ಯಾಗ, ತಮ್ಮಂದಿರ ಬಲ ಯಾವುದೂ ಶರಣವಾಗಲಿಲ್ಲ. ಪುರಾಣಗಳಲ್ಲಿ ಇಷ್ಟರ ಕಾಲುಭಾಗವನ್ನು ಕಂಡವರು ಕೂಡ ವೈರಾಗ್ಯಹೊಂದಿ ದೀಕ್ಷೆಯನ್ನು ತಳೆಯುತ್ತಾರೆ. ಕರಗುವ ಮೋಡ, ಉದುರುವ ಉಲ್ಕೆ, ತಲೆಯ ಒಂದು ನರೆಗೂದಲು ಅವರಿಗೆ ಸಾಕಾಗುತ್ತದೆ. ದುರ್ಯೋಧನನಿಗೆ ಹದಿನೆಂಟು ಅಕ್ಷೌಹಿಣಿಯ ಹೆಣಗಳು ಸಾಲುವುದಿಲ್ಲ. ಅವನು ಅಳುತ್ತಾನೆ, ಹಿರಿದಾಗಿ ಅಳುತ್ತಾನೆ. ಆದರೆ ಅವನ ಅಳುವು ನಿರ್ವೇದಕ್ಕೆ ತಿರುಗದೆ ಮತ್ತೆ ಕೋಪಕ್ಕೇ ತಿರುಗುತ್ತದೆ. ಪ್ರತಿಯೊಂದು ಹೆಣವೂ ಅವನಿಗೆ ಹಗೆಯ ಹೊಸ ಕಾರಣವಾಗುತ್ತದೆ.

ವೈಶಂಪಾಯನ ಸರೋವರದ ಪ್ರಸಂಗವು ಇದನ್ನೇ ದೃಢಪಡಿಸುತ್ತದೆ. ಭೀಷ್ಮನ ಸೂಚನೆಯಂತೆ ದುರ್ಯೋಧನನು ನೀರಿನಲ್ಲಿ ಅಡಗುತ್ತಾನೆ. ಕಾಳಗದ ನೆಲದ ಪಕ್ಕದಲ್ಲಿಯೇ ಒಂದು ತಂಪಾದ ಜಲಾಶಯ. ಒಂದೇ ಒಂದು ಇರುಳನ್ನು ಕಳೆಯುವ ಅವಕಾಶ. ಭೀಮನ ಗರ್ಜನೆ ಕೇಳಿದೊಡನೆ ಆ ತಣ್ಣೀರಿನ ನಡುವೆಯೂ ಅವನ ಮೈ ಕಾವೇರಿ ಬೆವರುತ್ತದೆ. ಈ ವರ್ಣನೆಯನ್ನು ರೌದ್ರರಸದ ಉತ್ಕೃಷ್ಟ ಉದಾಹರಣೆಯೆಂದು ಎಲ್ಲರೂ ಮೆಚ್ಚಿದ್ದಾರೆ. ಕಷಾಯವನ್ನು ಯಾವ ಹೊರಗಿನ ನೀರೂ ತಣಿಸಲಾರದೆಂಬ ಅರ್ಥವೂ ಅಲ್ಲಿ ಉಂಟೆಂಬುದನ್ನು ಗಮನಿಸಿದವರು ವಿರಳ. ರನ್ನನು ಉಪದೇಶಿಸುವುದಿಲ್ಲ, ಆಶ್ರಯದಾತನನ್ನು ನಾಯಕನಾಗುಳ್ಳ ವೀರಕಾವ್ಯದಲ್ಲಿ ಉಪದೇಶಕ್ಕೆ ಎಡೆಯೂ ಇಲ್ಲ. ಆದರೆ ಬಿಡುಗಡೆಯ ಬಾಗಿಲನ್ನು ತೆರೆದು ತೋರಿಸಿ, ನಾಯಕನು ಅದರ ಮುಂದೆಯೇ ಹಾದುಹೋದುದನ್ನು ಚಿತ್ರಿಸಿದ್ದಾನೆ. ದುರ್ಯೋಧನನಲ್ಲಿ ಕವಿಗೆ ಇರುವ ಅನುಕಂಪ ಛಲದ ಅನುಮೋದನೆಯಲ್ಲ. ಸೋತ ಅರಸರನ್ನು ಹತ್ತಿರದಿಂದ ಬಲ್ಲವನೊಬ್ಬನು, ಮಾರಸಿಂಹನು ಹಿಡಿದ ದಾರಿಯನ್ನು ಹಿಡಿಯಲಾರದೆ ಹೋದ ಮಹಾಪುರುಷನಿಗೆ ಸಲ್ಲಿಸಿದ ಅನುಕಂಪವೆಂದು ಅದನ್ನು ತಿಳಿಯಲು ಅವಕಾಶವಿದೆ.

೫

ಈಗ ಅಜಿತಪುರಾಣವನ್ನು ನೋಡೋಣ. ಇದು ೯೯೩ರಲ್ಲಿ ಮುಗಿದ ಕೃತಿ, ಬರೆಯಿಸಿದವಳು ಅತ್ತಿಮಬ್ಬೆ. ಇದರ ಪೀಠಿಕೆಯನ್ನು ಆಶ್ರಯದಾತರ ವಂಶವರ್ಣನೆಯೆಂದು ಭಾವಿಸಿ ಓದುಗರು ಸಾಮಾನ್ಯವಾಗಿ ಬೇಗ ದಾಟಿಬಿಡುತ್ತಾರೆ. ಆದರೆ ಅದು ಯುದ್ಧದಿಂದ ಮುರಿದ ಒಂದು ಮನೆತನದ ಕಥೆ. ವೆಂಗಿಯ ಕಡೆಯಿಂದ ಬಂದ ಈ ವಂಶದಲ್ಲಿ ಮಲ್ಲಪ, ಪುನ್ನಮಯ್ಯರೆಂಬ ಅಣ್ಣತಮ್ಮಂದಿರು. ಪುನ್ನಮಯ್ಯನು ಕಾವೇರಿಯ ತೀರದ ಕಾಳಗದಲ್ಲಿ ಮಡಿದನು. ಮಲ್ಲಪನ ಮಕ್ಕಳಾದ ಅತ್ತಿಮಬ್ಬೆ, ಗುಂಡಮಬ್ಬೆಯರಿಬ್ಬರನ್ನೂ ಚಾಲುಕ್ಯ ಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ಮದುವೆಮಾಡಲಾಯಿತು. ದಂಡನಾಯಕನಾದ ನಾಗದೇವನೂ ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಗಂಡನೊಡನೆ ಚಿತೆಯನ್ನೇರಿದಳು. ಅಕ್ಕ ಅತ್ತಿಮಬ್ಬೆ ಮಗ ಅಣ್ಣಿಗದೇವನನ್ನು ಸಾಕುತ್ತ, ವ್ರತಗಳಿಂದ ದೇಹವನ್ನು ದಂಡಿಸುತ್ತ ಉಳಿದಳು.

ಒಂದೇ ಮನೆಯಲ್ಲಿ, ಒಂದೇ ಸಾವಿನ ಮರುದಿನ, ಅಕ್ಕತಂಗಿಯರು ಎರಡು ದಾರಿಗಳನ್ನು ಹಿಡಿದರು. ತಂಗಿಯ ದಾರಿ ಅಂದಿನ ಲೋಕಕ್ಕೆ ಪೂಜ್ಯವಾಗಿದ್ದ ದಾರಿ. ವೀರಗಲ್ಲಿನಂತೆಯೇ ಮಾಸ್ತಿಕಲ್ಲಿಗೂ ಮರುದಿನವಿಲ್ಲ. ಅಕ್ಕನ ದಾರಿ ಬದುಕಿ ಉಳಿದವರ ಕಠಿಣವಾದ ದಾರಿ. ರನ್ನನು ಇಬ್ಬರನ್ನೂ ಗೌರವದಿಂದಲೇ ನೆನೆದಿದ್ದಾನೆ. ಆದರೆ ಕಾವ್ಯವನ್ನು ಅರ್ಪಿಸಿರುವುದು ಉಳಿದವಳಿಗೆ. ಆ ಕಾವ್ಯದಲ್ಲಿ ಅವನು ಹೇಳುವ ಸಗರಚಕ್ರವರ್ತಿಯ ಕಥೆಯೂ ಈ ದೃಷ್ಟಿಯಿಂದ ಅರ್ಥವತ್ತಾದುದು. ಅರುವತ್ತು ಸಾವಿರ ಮಕ್ಕಳ ಮರಣವಾರ್ತೆಯನ್ನು ಕೇಳಿದ ಸಗರನು ಹಗೆಯನ್ನು ಹುಡುಕಿಕೊಂಡು ಹೊರಡದೆ, ರಾಜ್ಯವನ್ನು ಭಗೀರಥನಿಗೆ ಒಪ್ಪಿಸಿ ತಪಸ್ಸಿಗೆ ನಡೆಯುತ್ತಾನೆ. ದುರ್ಯೋಧನ, ಸಗರರಿಬ್ಬರೂ ಮಕ್ಕಳನ್ನೂ ಬಲವನ್ನೂ ಕಳೆದುಕೊಂಡ ಚಕ್ರವರ್ತಿಗಳು. ಒಬ್ಬನ ಶೋಕ ಗದೆಯನ್ನು ಹಿಡಿಯಿತು, ಇನ್ನೊಬ್ಬನ ಶೋಕ ಪಿಂಛವನ್ನು ಹಿಡಿಯಿತು. ಒಬ್ಬನೇ ಕವಿಯ ಈ ಎರಡು ಚಿತ್ರಗಳನ್ನು ಎದುರುಬದುರಾಗಿಟ್ಟು ನೋಡದೆ ರನ್ನನ ಯುದ್ಧದರ್ಶನವನ್ನು ನಿರ್ಣಯಿಸುವುದು ಅರ್ಧ ಸಾಕ್ಷಿಯಿಂದ ತೀರ್ಪು ಕೊಟ್ಟಂತೆ. ಗದಾಯುದ್ಧದಲ್ಲಿ ಬರಲಾಗದೆ ಹೋದ ಶಾಂತರಸವು ಅಜಿತಪುರಾಣದಲ್ಲಿ ಬಂದಿದೆ. ಅಜಿತಪುರಾಣದಲ್ಲಿ ಸಂಕ್ಷೇಪಗೊಂಡ ಶೋಕದ ವಿಸ್ತಾರವು ಗದಾಯುದ್ಧದಲ್ಲಿದೆ.

೬

ಕೊನೆಯದಾಗಿ, ಹಸ್ತಪ್ರತಿಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ ಒಂದು ಮಾತು. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಶಾಸ್ತ್ರದಾನದ ಮೇರುನಿದರ್ಶನವೆಂದು ಎಲ್ಲ ಸಾಹಿತ್ಯಚರಿತ್ರೆಗಳಲ್ಲಿಯೂ ಬಂದಿದೆ. ಆದರೆ ಅವಳು ಆರಿಸಿಕೊಂಡ ಗ್ರಂಥ ಶಾಂತಿಪುರಾಣವೇ ಏಕೆ ಎಂಬುದನ್ನು ವಿಚಾರಿಸಬೇಕು. ಗುರುಗಳಾದ ಜಿನಚಂದ್ರದೇವರ ಸ್ಮರಣಾರ್ಥವಾಗಿ ಪೊನ್ನನಿಂದ ಆ ಪುರಾಣವನ್ನು ಬರೆಯಿಸಿದವರು ಅವಳ ತಂದೆ ಮಲ್ಲಪ ಮತ್ತು ಕಾಳಗದಲ್ಲಿ ಮಡಿದ ಚಿಕ್ಕಪ್ಪ ಪುನ್ನಮಯ್ಯ. ಆ ಪುರಾಣದ ನಾಯಕ ಶಾಂತಿನಾಥನು ತೀರ್ಥಂಕರನಾಗುವ ಮುನ್ನ ಚಕ್ರವರ್ತಿಯಾಗಿದ್ದವನು, ಚಕ್ರರತ್ನವನ್ನು ಪಡೆದು ಬಿಟ್ಟವನು. ಚಿಕ್ಕಪ್ಪನನ್ನೂ ಗಂಡನನ್ನೂ ಯುದ್ಧಕ್ಕೆ ಒಪ್ಪಿಸಿದ ಮನೆಯ ಹೆಣ್ಣುಮಗಳು, ಆಯುಧವನ್ನು ತೊರೆದ ಚಕ್ರವರ್ತಿಯ ಕಥೆಯನ್ನು ಸಾವಿರ ಕಟ್ಟುಗಳಲ್ಲಿ ನಾಡಿಗೆಲ್ಲ ಹರಡಿದಳು. ವೀರಗಲ್ಲು ಊರ ಮುಂದೆ ನಿಲ್ಲುತ್ತದೆ. ನಿಷಿಧಿ ಬೆಟ್ಟದ ಮೇಲೆ ನಿಲ್ಲುತ್ತದೆ. ಓಲೆಯ ಕಟ್ಟು ಊರಿಂದೂರಿಗೆ ನಡೆಯುತ್ತದೆ. ಮಡಿದವರಿಗೆ ಅವಳು ನಿಲ್ಲಿಸಿದ ಸ್ಮಾರಕಗಳಲ್ಲಿ ೧೦೦೭ರ ಶಾಸನವುಳ್ಳ ಲಕ್ಕುಂಡಿಯ ಬಸದಿಯಷ್ಟೇ ಮಹತ್ತ್ವವನ್ನು ಈ ಓಲೆಗಳಿಗೂ ಕೊಡಬೇಕಾಗುತ್ತದೆ.

ಈ ಪರಂಪರೆ ಅವಳಲ್ಲಿಯೇ ನಿಲ್ಲಲಿಲ್ಲ. ಸೂಳೆಕೆರೆಯ ನೆರೆಯ ಶಿವಮೊಗ್ಗದ ಸೀಮೆಗೆ ಸೇರಿದ ಬನ್ನಿಕೆರೆಯ ಚೈತ್ಯಾಲಯದಲ್ಲಿ, ಭುಜಬಲಗಂಗ ಪೆರ್ಮಾಡಿಯ ಬಂಧುವಾದ ದೇಮಿಯಕ್ಕನು ಶ್ರುತಪಂಚಮಿ ನೋಂಪಿಯ ಉದ್ಯಾಪನೆಗೆ ಧವಲಾ ಗ್ರಂಥದ ಪ್ರತಿಯನ್ನು ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಮೂಡಬಿದಿರೆಯ ಮಹಾಬಂಧದ ಓಲೆಗಳು ಮಲ್ಲಿಕಬ್ಬೆಯ ದಾನ. ರಣದ ಗೆಲುವು ಸೋಲುಗಳ ನಡುವೆ ಬದುಕಿದ ಸಾಮಂತರ ಮನೆಗಳಲ್ಲಿ ಶಾಸ್ತ್ರವನ್ನು ಕಾಪಾಡಿದವರು ಬಹುಮಟ್ಟಿಗೆ ಹೆಂಗಸರೇ ಎಂಬುದಕ್ಕೆ ಈ ದಾನಪ್ರಶಸ್ತಿಗಳೇ ಸಾಕ್ಷಿ. ಆದಕಾರಣ ಗ್ರಂಥಸಂಪಾದಕರೂ ಸೂಚಿಕಾರರೂ ಪ್ರತಿಯ ಕೊನೆಯ ದಾನಪದ್ಯಗಳನ್ನು ಮೂಲಕೃತಿಗೆ ಸೇರದ ಪ್ರಕ್ಷಿಪ್ತವೆಂದು ಬದಿಗೆ ಸರಿಸದೆ, ಪೂರ್ಣವಾಗಿ ಅಚ್ಚುಮಾಡತಕ್ಕದ್ದು. ಒಂದು ಗ್ರಂಥವನ್ನು ಯಾರು, ಯಾವ ಸಾವಿನ ಬಳಿಕ, ಯಾವ ವ್ರತದ ಕೊನೆಗೆ ಬರೆಯಿಸಿದರೆಂಬುದು ಆ ಗ್ರಂಥದ ಅರ್ಥದ ಭಾಗವೇ ಆಗಿದೆ.

ಅಣಜಿಯ ಕ್ಷತ್ರಿಯನು ದರ್ಭೆಯ ಮೇಲೆ ಮಲಗಿ ತನ್ನೊಬ್ಬನ ಸ್ವರ್ಗವನ್ನು ಬಯಸಿದನು. ದುರ್ಯೋಧನನು ನೀರಿನಿಂದೆದ್ದು ಮತ್ತೆ ಗದೆಯನ್ನು ಎತ್ತಿದನು. ಅತ್ತಿಮಬ್ಬೆಯು ಲಿಪಿಕಾರರನ್ನು ಕರೆಸಿ ಓಲೆಗಳನ್ನು ಹಂಚಿದಳು. ಯುದ್ಧಾನಂತರದ ಈ ಮೂರು ದಾರಿಗಳಲ್ಲಿ ರನ್ನನು ಒಂದನ್ನು ಅನುಕಂಪದಿಂದ ಚಿತ್ರಿಸಿ, ಇನ್ನೊಂದಕ್ಕೆ ತನ್ನ ಪುರಾಣವನ್ನೂ ಮಗಳ ಹೆಸರನ್ನೂ ಒಪ್ಪಿಸಿದನು. ಅವನ ಆಯ್ಕೆ ಯಾವುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ವಿದ್ವಾಂಸರು ಈ ಎರಡು ಕಾವ್ಯಗಳನ್ನೂ ಒಂದೇ ವ್ಯಾಸಪೀಠದ ಮೇಲಿಟ್ಟು ಪರಾಮರ್ಶಿಸಬೇಕೆಂದು ವಿನಂತಿ.